ಬಿಳಿ ಪುಡಿ, ಹಸಿರು ಕಲ್ಲು

1/8

ಮೊನ್ನೆ ಹಾಕಿದ ಕೆಂಪು ಕಬ್ಬಿಣ ಸುರಿಯೋ ರೀಲಿಗೆ ಹಾರ್ಟ್ ಒತ್ತಿದ ಎಲ್ಲಾರಿಗೂ ನಮಸ್ಕಾರ್ರಿ. ರೋಣದವರು, ನರಗುಂದದವರು, ಗಡದವರು, ಎಲ್ಲಾರೂ ಕಾಮೆಂಟ್ ಹಾಕಿದ್ರಿ. "ನಮ್ಮ ಹುಡುಗೂರು ಬೆಂಕಿ ಜೋಡಿ ಆಟ ಆಡ್ತಾರ" ಅಂತ ಒಬ್ಬರು ಬರದ್ರು. ಓದಿ ನನಗೂ ಎದಿ ಉಬ್ಬಿತು, ಸುಳ್ಳು ಯಾಕ ಹೇಳ್ಲಿ.

ಆಮೇಲೆ ಆ ರೀಲ್ ಕಳಿಸಿದ ಹುಡುಗ, ನಮ್ಮ ಕಾಕಾನ ಮಗ, ಇನ್ನೊಂದು ಫೋಟೋ ಕಳಿಸಿದ. ಈ ಪೋಸ್ಟಿನ ಮೊದಲ ಫೋಟೋ ಅದೇ. ಹುಬ್ಬು ಬೆಳ್ಳಗ, ರೆಪ್ಪೆ ಬೆಳ್ಳಗ, ಮೂಗಿನ ಸುತ್ತ ಬೆಳ್ಳಗ. ಮದುವಿ ಮನಿಯಾಗ ರವಾ ಜರಡಿ ಹಿಡದು ಎದ್ದು ಬಂದವರ ಹಂಗ. "ಅಣ್ಣಾ, ಇದನ್ನ ಹಾಕಬ್ಯಾಡ, ಚಂದ ಕಾಣಂಗಿಲ್ಲ" ಅಂದಿದ್ದ. ಮುಖ ಮಸುಕು ಮಾಡೀನಿ, ಅವನ ಒಪ್ಪಿಗಿ ತಗೊಂಡೇ ಹಾಕೀನಿ.

ಅವನಿಗೆ 27 ವರ್ಷ. ಫೌಂಡ್ರಿ ಸೇರಿ ಆರು ವರ್ಷ ಆತು. ಆ ಬಿಳಿ ಪುಡಿ ಕ್ವಾರ್ಟ್ಜ್, ಅಂದ್ರ ಬೆಣಚುಕಲ್ಲಿನ ಹಿಟ್ಟು. ಬೆಂಕಿಗೆ ಹೆದರೋದನ್ನ ನಮ್ಮ ಹುಡುಗೂರು ವಾರದಾಗ ಬಿಡ್ತಾರ, ಆದರ ಈ ಹಿಟ್ಟಿಗೆ ಹೆದರಬೇಕು ಅಂತ ಅವರಿಗೆ ಯಾರೂ ಹೇಳೇ ಇಲ್ಲ. ಅದರ ಜಾಗಕ್ಕ ಕೂಡ್ರೋ ಇನ್ನೊಂದು ಕಲ್ಲು ನಮ್ಮ ಕರ್ನಾಟಕದಾಗೇ ಐತಿ ಅನ್ನೋದನ್ನೂ ಹೇಳಿಲ್ಲ. ಈ ಎಂಟು ಪೋಸ್ಟ್ ಅದರ ಸಲುವಾಗಿ. ಉದ್ದ ಐತಿ, ಸೇವ್ ಮಾಡಿಟ್ಟು ಸಂಜಿಗೆ ಓದ್ರಿ.

2/8

ಮೊದಲು ಭಟ್ಟಿ ಒಳಗ ಏನಾಗ್ತೈತಿ ನೋಡೋಣು. ನಮ್ಮ ಕಡೆ ಹುಡುಗೂರು ಹೋಗೋದು ಬೆಳಗಾವಿ, ಹುಬ್ಬಳ್ಳಿ, ಗಡಿ ದಾಟಿದ್ರ ಕೊಲ್ಲಾಪುರ. ಅಲ್ಲಿ ಸಣ್ಣ, ನಡು ಗಾತ್ರದ ಫೌಂಡ್ರಿ ರಗಡ ಅದಾವು. ಪಂಪಿನ ಮೈ, ಟ್ರ್ಯಾಕ್ಟರ್ ಬಿಡಿಭಾಗ, ಮೋಟಾರ್ ಕವಚ, ಎಲ್ಲಾ ಅಲ್ಲೇ ಹುಟ್ತಾವು. ನಿಮ್ಮ ಹೊಲದ ಬೋರಿನ ಮ್ಯಾಲಿರೋದರಾಗೂ ಆ ಎರಕ ಇರಬಹುದು.

ಬೀಡುಕಬ್ಬಿಣ ಸುರಿಯೋ ಹೊತ್ತಿಗೆ ಸುಮಾರು 1400 ಡಿಗ್ರಿ ಇರ್ತೈತಿ, ಉಕ್ಕಿಗೆ 1600ರ ಸುತ್ತಮುತ್ತ. ಇಷ್ಟು ಕಾವು ತಡಕೊಳ್ಳೋ ಒಳಪದರ ಭಟ್ಟಿಗೆ ಬೇಕು. ಹಂಚಿಗೆ ಕಬ್ಬಿಣ ಸಾಕು, ಕಬ್ಬಿಣ ಕರಗಿಸೋದಕ್ಕ ಕಬ್ಬಿಣದ ಪಾತ್ರೆ ಆಗಂಗಿಲ್ಲ. ಹಂಗಾಗಿ ಇಂಡಕ್ಷನ್ ಭಟ್ಟಿ ಒಳಗ ಒಣ ಕ್ವಾರ್ಟ್ಜ್ ಪುಡಿಗೆ ಒಂಚೂರು ಬೋರಿಕ್ ಆಮ್ಲ ಕೂಡಿಸಿ, ಚೀಲಗಟ್ಟಲೆ ಸುರಿದು, ಕುಟ್ಟಿ ಕುಟ್ಟಿ ಕೂಡ್ರಿಸ್ತಾರ. ರ‍್ಯಾಮಿಂಗ್ ಮಾಸ್ ಅಂತ ಅದರ ಹೆಸರು. ಒಣಾ ಪುಡಿ, ಇಳಿಯೋ ಜಾಗ ಬಾವಿ ಇದ್ದಂಗ, ಮ್ಯಾಲೆ ಬಗ್ಗಿ ನಿಂತವನು ನಮ್ಮ ಹುಡುಗ. ಗಾಳಿ ಎಲ್ಲಿಗೆ ಹೋಗಬೇಕು? ಅವನ ಮುಖಕ್ಕೇ ಬರ್ತೈತಿ.

ಇದಕ್ಕಿಂತ ಕೆಟ್ಟ ಕೆಲಸ ಹಳೇ ಲೈನಿಂಗ್ ಒಡೆಯೋದು. ಕಾದು ಕಾದು ಕ್ವಾರ್ಟ್ಜಿನ ಒಂದು ಭಾಗ ಕ್ರಿಸ್ಟೋಬಲೈಟ್ ಆಗಿರ್ತೈತಿ. ಅದೂ ಸಿಲಿಕಾನೇ, ಪುಪ್ಪುಸಕ್ಕ ಇನ್ನೂ ವೈರಿ. ಅದನ್ನ ಬ್ರೇಕರ್ ಹಿಡದು ಒಡೀತಾರ, ಮೂಗಿಗೆ ಟವೆಲ್ ಕಟ್ಟಿಕೊಂಡು. ಪುಪ್ಪುಸದ ಆಳಕ್ಕ ಇಳಿಯೋ ಕಣ ಐದು ಮೈಕ್ರಾನಿಗಿಂತ ಸಣ್ಣದು. ತಲಿಗೂದಲು ಸುಮಾರು 70 ಮೈಕ್ರಾನ್ ದಪ್ಪ. ಟವೆಲ್ಲಿನ ಎಳಿ ನಡುವಿನ ಸಂದಿ ಅದಕ್ಕೂ ದೊಡ್ಡದು. ಆ ಟವೆಲ್ ದೇವರ ಮ್ಯಾಲೆ ಭಾರ ಹಾಕಿದಂಗ, ಅಷ್ಟೇ.

ಅಚ್ಚಿನ ಉಸುಕು ಬ್ಯಾರೆ. ಅದೂ ಸಿಲಿಕಾ. ಎರಕ ತಣ್ಣಗಾದ ಮ್ಯಾಲೆ ಅಚ್ಚು ಒಡದು ಕೊಡವ್ತಾರಲ್ಲ, ಆಗ ಏಳೋ ಧೂಳಾ ಅದರದೇ.

3/8

ಇಲ್ಲಿ ಒಬ್ಬರು ಕೇಳೇ ಕೇಳ್ತಾರ: "ನಾವೆಲ್ಲಾ ಎರಿ ಮಣ್ಣಿನ ಧೂಳಾ ಕುಡದೇ ದೊಡ್ಡವರಾಗೀವಿ, ಬಾದಾಮಿ ಗುಡ್ಡ ಪೂರಾ ಮರಳುಗಲ್ಲು, ಅಲ್ಲಿಯವರೆಲ್ಲಾ ಸತ್ತರೇನು?"

ಇಲ್ರಿ. ಗುಡ್ಡದಾಗ ಕುಂತ ಕಲ್ಲು ಏನೂ ಮಾಡಂಗಿಲ್ಲ. ಮಲಪ್ರಭಾ ಹೊಳಿ ಉಸುಕೂ ಏನೂ ಮಾಡಂಗಿಲ್ಲ, ಕಣ ದಪ್ಪ, ಮೂಗಿನಾಗೇ ನಿಲ್ತೈತಿ. ಆಗಷ್ಟೇ ಅರೆದ, ಆಗಷ್ಟೇ ಒಡೆದ ನುಣ್ಣನ ಪುಡಿ ಮಾತ್ರ ಒಳಗ ಇಳೀತೈತಿ, ಇಳಿದದ್ದು ಹೊರಗ ಬರಂಗಿಲ್ಲ. ಪುಪ್ಪುಸ ಅದರ ಸುತ್ತ ಗಾಯದ ಗಂಟು ಕಟ್ತೈತಿ. ಗಂಟು ಹೆಚ್ಚಾದಷ್ಟು ಉಸಿರಿಗೆ ಜಾಗ ಕಡಿಮಿ. ಸಿಲಿಕೋಸಿಸ್ ಅಂತಾರ. ಆ ಗಂಟು ಕರಗಿಸೋ ಔಷಧ ಇಲ್ಲ. ಕೆಲಸ ಬಿಟ್ಟ ಮ್ಯಾಲೂ ರೋಗ ಬೆಳೀಬಹುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಈ ಧೂಳನ್ನ ಮನುಷ್ಯರಿಗೆ ಕ್ಯಾನ್ಸರ್ ತರೋ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸೈತಿ.

ನಮ್ಮ ಹುಡುಗ ಒಂದು ವರ್ಷದಿಂದ ಕೆಮ್ಮತಿದ್ದ. ಒಂದು ದವಾಖಾನ್ಯಾಗ ಎಕ್ಸ್‌ರೇ ನೋಡಿ ಟಿಬಿ ಅಂದ್ರು, ಆರು ತಿಂಗಳು ಗುಳಿಗಿ ನುಂಗಿದ. ಕೆಮ್ಮು ಹೋಗಲಿಲ್ಲ. "ಏನ್ ಕೆಲಸ ಮಾಡ್ತೀಯಪಾ?" ಅಂತ ಅಲ್ಲಿ ಯಾರೂ ಕೇಳಲಿಲ್ಲ. ಎರಡೂ ರೋಗದ ಎಕ್ಸ್‌ರೇ ಒಂದರಂಗ ಇನ್ನೊಂದು ಕಾಣ್ತೈತಿ, ಸಿಲಿಕೋಸಿಸ್ ಇದ್ದವರಿಗೆ ಟಿಬಿ ಹತ್ತೋದೂ ಹೆಚ್ಚು. ಹಂಗಾಗಿ ಡಾಕ್ಟರ್ ಮ್ಯಾಲೆ ನನ್ನ ಸಿಟ್ಟು ಅರ್ಧ. ಆದರ ಕಸುಬು ಕೇಳೋದಕ್ಕ ರೊಕ್ಕ ಬೇಕೇನ್ರಿ?

ಕಾನೂನು ಏನ್ ಹೇಳ್ತೈತಿ? 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಾಗ ಸಿಲಿಕೋಸಿಸ್ ಹೆಸರು ಇತ್ತು. ಅಂದ್ರ ಈ ರೋಗ ಕಂಡ್ರ ವರದಿ ಮಾಡಲೇಬೇಕು. 2020ರ ಹೊಸ ಸಂಹಿತೆಯಾಗೂ ಆ ಹೆಸರು ಉಳದೈತಿ. ಟಿಬಿ ಅಂತ ಬರದ್ರ ಅದು ಹುಡುಗನ ಹಣೆಬರಹ, ಸಿಲಿಕೋಸಿಸ್ ಅಂತ ಬರದ್ರ ಮಾಲಕನ ಜವಾಬ್ದಾರಿ, ಪರಿಹಾರದ ಮಾತು. ಆ ಒಂದು ಶಬ್ದ ಬರಿಯೋದಕ್ಕ ಪೆನ್ನು ಯಾಕ ಹಿಂಜರೀತೈತಿ ಅಂತ ನಿಮಗ ಬಿಡಿಸಿ ಹೇಳಬೇಕಿಲ್ಲ.

4/8

ಈಗ ಹಸಿರು ಕಲ್ಲಿನ ಕಥಿ. ಎರಡನೇ ಫೋಟೋ ನೋಡ್ರಿ, ನನ್ನ ಅಂಗೈಯಾಗ ಇರೋದು. ಹಳದಿ ಹಸಿರು, ಅಲ್ಲಲ್ಲಿ ಕರಿ ಚುಕ್ಕಿ, ಗಾತ್ರಕ್ಕಿಂತ ಭಾರ.

ಇದು ಡ್ಯುನೈಟ್. ನ್ಯೂಜಿಲೆಂಡಿನ ಡನ್ ಮೌಂಟನ್ ಅನ್ನೋ ಗುಡ್ಡದಿಂದ ಈ ಹೆಸರು ಬಂತು. ಇದರ ಮೈಯೆಲ್ಲಾ ಆಲಿವೀನ್ ಅನ್ನೋ ಖನಿಜದ ಹರಳು. ಆಲಿವೀನ್ ಅಂದ್ರ ಮೆಗ್ನೀಷಿಯಾ, ಸಿಲಿಕಾ, ಜೊತಿಗೆ ಸ್ವಲ್ಪ ಕಬ್ಬಿಣ. ಕಬ್ಬಿಣ ಇಲ್ಲದ ಶುದ್ಧ ರೂಪಕ್ಕ ಫಾರ್‌ಸ್ಟರೈಟ್ ಅಂತಾರ. ಅದರಾಗ ನೂರಕ್ಕ 57 ಭಾಗ ಮೆಗ್ನೀಷಿಯಾ, ಕರಗೋದು 1890 ಡಿಗ್ರಿಗೆ.

"ಸಿಲಿಕಾ ಇದರಾಗೂ ಐತೆಲ್ಲಾ?" ಅಂತ ಕೇಳಿದ್ರ, ಪ್ರಶ್ನೆ ಸರಿ ಐತಿ. ಐತಿ, ಆದರ ಮೆಗ್ನೀಷಿಯಾ ಜೋಡಿ ಕಟ್ಟಿಹಾಕಿದ ಸಿಲಿಕಾ. ಪುಪ್ಪುಸ ಕೆಡಿಸೋದು ಬಿಡುವಾಗಿ ಹರಳುಗಟ್ಟಿದ ಸಿಲಿಕಾ, ಅಂದ್ರ ಕ್ವಾರ್ಟ್ಜ್, ಕ್ರಿಸ್ಟೋಬಲೈಟ್. ಉಪ್ಪಿನಾಗ ಕ್ಲೋರಿನ್ ಐತಿ ಅಂತ ಉಪ್ಪು ಬಿಡ್ತೀರೇನು? ಹಂಗ ಇದು.

ಇನ್ನೊಂದು ಗುಣ. ಕ್ವಾರ್ಟ್ಜ್ 573 ಡಿಗ್ರಿ ದಾಟಿದ ಕೂಡಲೇ ಒಮ್ಮಿಗೇ ಉಬ್ಬತೈತಿ, ಅಚ್ಚು ಬಿರಿಯೋದಕ್ಕ, ಎರಕದ ಮೈಮ್ಯಾಲೆ ಗೀರು ಬೀಳೋದಕ್ಕ ಅದೇ ಕಾರಣ. ಆಲಿವೀನ್ ಹಂಗ ಜಿಗಿಯಂಗಿಲ್ಲ, ಒಂದೇ ಸಮ ನಿಧಾನ ಹಿಗ್ಗತೈತಿ. ಮ್ಯಾಂಗನೀಸ್ ಉಕ್ಕು ಎರಕ ಹೊಯ್ಯೋರಿಗೆ ಇದು ಗೊತ್ತು. ಮ್ಯಾಂಗನೀಸ್ ಆಕ್ಸೈಡು ಸಿಲಿಕಾ ಉಸುಕನ್ನ ತಿಂದು ಎರಕಕ್ಕ ಅಂಟಿಸ್ತೈತಿ, ಆಲಿವೀನಿನ ಮ್ಯಾಲೆ ಅದರ ಆಟ ನಡೆಯಂಗಿಲ್ಲ.

ಇದನ್ನ ಕಲ್ಲಿನಿಂದ ಕಸುಬಿಗೆ ತಂದವರು ವಿಕ್ಟರ್ ಗೋಲ್ಡ್‌ಶ್ಮಿಟ್. ಭೂರಸಾಯನಶಾಸ್ತ್ರದ ದೊಡ್ಡ ಹೆಸರು. 1920ರ ದಶಕದಾಗ ನಾರ್ವೆಯ ಆಲಿವೀನ್ ಕಲ್ಲಿನಿಂದ ಶಾಖ ತಾಳೋ ಇಟ್ಟಿಗಿ ಮಾಡೋ ದಾರಿ ಹುಡುಕಿದ್ರು. ಬ್ರಿಟನ್ನಿನಾಗ 1950ರಲ್ಲೇ ಅಚ್ಚಿನ ಎರಡು ಭಾಗ ಅಂಟಬಾರದು ಅಂತ ಉದುರಿಸೋ ಪುಡಿಯಾಗ ಸಿಲಿಕಾ ಕಟ್ಟಿಹಾಕೋ ನಿಯಮ ಬಂತು. ಬಳಸಬಹುದಾದ ಪದಾರ್ಥದ ಪಟ್ಟಿಯಾಗ ಆಲಿವೀನ್ ಹೆಸರೂ ಇತ್ತು. ನಮ್ಮ ಸಂವಿಧಾನಕ್ಕ ಎಷ್ಟು ವಯಸ್ಸೋ ಆ ನಿಯಮಕ್ಕೂ ಅಷ್ಟೇ ವಯಸ್ಸು. "ಹೊಸಾ ಟೆಕ್ನಾಲಜಿ, ಟೈಮ್ ಬೇಕು" ಅನ್ನೋರು ಈ ಇಸವಿ ನೆನಪಿಟ್ಟುಕೊಳ್ರಿ.

5/8

ನಮ್ಮಲ್ಲಿ ಎಲ್ಲೈತಿ? ನಮ್ಮ ಗದಗ ಜಿಲ್ಲೆಯಾಗ ಅಲ್ಲ, ಮೊದಲೇ ಹೇಳ್ತೀನಿ, ನಾಳೆ ಯಾರೂ ಗಡದ ಗುಡ್ಡ ಅಗಿಯಾಕ ಹೋಗಬ್ಯಾಡ್ರಿ. ಮೈಸೂರು, ಹಾಸನ ಜಿಲ್ಲೆಯಾಗ ಐತಿ. ಮೈಸೂರಿನ ದೊಡ್ಡಕನ್ಯ ಸುತ್ತ ಮ್ಯಾಗ್ನಸೈಟ್ ಅನ್ನೋ ಬಿಳಿ ಕಲ್ಲೂ ಐತಿ, ಡ್ಯುನೈಟಿನ ಬಿರುಕಿನಾಗೇ ಬೆಳದದ್ದು. ಅದನ್ನ ಸುಟ್ರ ತೂಕದ ಅರ್ಧಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಆಗಿ ಹಾರಿ, ಉಳದದ್ದು ಮೆಗ್ನೀಷಿಯಾ. ಅದು ಕರಗೋದಕ್ಕ 2800 ಡಿಗ್ರಿ ಬೇಕು.

(ನಡುವ ಒಂದು ಮಾತು. ಮೆಗ್ನೀಷಿಯಾ ಕಲ್ಲು ನಮಗ ಹೊಸದಲ್ಲ. ಸಾಲ್ಯಾಗ ಪಾಟಿ ಮ್ಯಾಲೆ ಗೀಚಿದ ಬಳಪ ಆ ಜಾತಿದು. ಲಕ್ಕುಂಡಿ ಗುಡಿಯ ಬಾಗಿಲವಾಡದಾಗ ಬೆಳ್ಳಿ ಕೆಲಸದ ಹಂಗ ಸಣ್ಣ ಕೆತ್ತನಿ ಕಾಣ್ತೈತಲ್ಲ, ಆ ಮೆತ್ತನ್ನ ಹಸಿರುಗಪ್ಪು ಕಲ್ಲೂ ಮೆಗ್ನೀಷಿಯಾ ಕೂಡಿದ್ದೇ.)

ಇಟ್ಟಿಗಿ ಮಾಡೋದು ಹೆಂಗ? ನೆಲದಿಂದ ಬಂದ ಡ್ಯುನೈಟ್ ಪೂರಾ ಶುದ್ಧ ಇರಂಗಿಲ್ಲ. ಲಕ್ಷಾಂತರ ವರ್ಷ ನೀರು ಕುಡದು ಅದರ ಒಂದು ಭಾಗ ಸರ್ಪೆಂಟೀನ್ ಆಗಿರ್ತೈತಿ. ಹೊಳಪು ಹಸಿರು, ಹಾವಿನ ಚರ್ಮದಂಗ. ಅದರ ತೂಕದಾಗ ನೂರಕ್ಕ 13ರಷ್ಟು ನೀರು. ಹಂಗೇ ಭಟ್ಟಿಗೆ ಹಾಕಿದ್ರ 600–700 ಡಿಗ್ರಿ ಹೊತ್ತಿಗೆ ನೀರು ಹೊರಬಿದ್ದು ಇಟ್ಟಿಗಿ ಬಿರಿತೈತಿ. ಹಂಗಾಗಿ ಮೊದಲು ಕಲ್ಲು ಆರಿಸಬೇಕು, ಒಡದು ಒಮ್ಮೆ ಸುಡಬೇಕು, ಕುಗ್ಗೋದೆಲ್ಲಾ ಆಗಲೇ ಕುಗ್ಗಲಿ ಅಂತ.

ಎರಡನೇ ತಲಿನೋವು ಕಬ್ಬಿಣ. ಆಲಿವೀನಿನ ಕಬ್ಬಿಣದ ರೂಪ ಫಾಯಲೈಟ್, ಅದು ಸುಮಾರು 1200 ಡಿಗ್ರಿಗೇ ಕರಗಿ ನೀರಾಗ್ತೈತಿ. ಜೊತಿಗೆ ಸರ್ಪೆಂಟೀನ್ ಸುಟ್ಟಾಗ ಎನ್‌ಸ್ಟಟೈಟ್ ಅನ್ನೋ ಕಡಿಮಿ ಕಾವು ತಾಳೋ ಖನಿಜ ಹುಟ್ತೈತಿ. ಗೋಲ್ಡ್‌ಶ್ಮಿಟ್ ಜಾಣತನ ಇಲ್ಲೇ ಇರೋದು. ಸುಟ್ಟ ಮ್ಯಾಗ್ನಸೈಟ್ ಪುಡಿ ಕೂಡಿಸಿದ್ರ ಎನ್‌ಸ್ಟಟೈಟ್ ಆ ಮೆಗ್ನೀಷಿಯಾ ತಿಂದು ಫಾರ್‌ಸ್ಟರೈಟ್ ಆಗ್ತೈತಿ. ಸುಡುವಾಗ ಗಾಳಿ ಸಾಕಷ್ಟಿದ್ರ ಕಬ್ಬಿಣವೂ ಮೆಗ್ನೀಷಿಯಾ ಜೋಡಿ ಕೂಡಿ ಗಟ್ಟಿ ಹರಳಾಗಿ ಕುಂದರ್ತೈತಿ. ಎರಡೂ ರೋಗಕ್ಕ ಒಂದೇ ಮದ್ದು. ಆ ಮದ್ದು ಮೈಸೂರಿನಾಗ ಆ ಕಲ್ಲಿನ ಮಗ್ಗಲಾಗೇ ಬಿದ್ದೈತಿ ಅನ್ನೋದನ್ನ ನೆನಸಿಕೊಂಡ್ರ ನಗಬೇಕೋ ಅಳಬೇಕೋ ತಿಳಿಯಂಗಿಲ್ಲ.

ಉಳಿದದ್ದು ಗ್ವಾಡಿ ಕಟ್ಟೋ ಲೆಕ್ಕ. ದೊಡ್ಡ ಕಲ್ಲಿನ ಸಂದಿಗೆ ಸಣ್ಣ ಚಕ್ಕಿ, ಚಕ್ಕಿ ಸಂದಿಗೆ ಮಣ್ಣು. ಹಂಗೇ ದಪ್ಪ ಕಾಳು, ನಡು ಕಾಳು, ಹಿಟ್ಟು ಕೂಡಿಸಿ, ಒತ್ತಿ, ಒಣಗಿಸಿ, 1500 ಡಿಗ್ರಿ ಮ್ಯಾಲೆ ಸುಡಬೇಕು.

6/8

ಈಗ ಮಾಲಕರ ಕಡಿ ಮಾತು. ನಾನು ಇಬ್ಬರ ಜೋಡಿ ಮಾತಾಡೀನಿ, ಇಬ್ಬರೂ ಕೆಟ್ಟವರಲ್ಲ. ಅವರು ಹೇಳಿದ್ದರಾಗ ಖರೇ ಇದ್ದದ್ದನ್ನ ಮೊದಲು ಒಪ್ಪಿಕೊಳ್ತೀನಿ.

ಬೀಡುಕಬ್ಬಿಣದ ಭಟ್ಟಿಯಾಗ ಬರೋ ಕಿಟ್ಟ ಆಮ್ಲ ಗುಣದ್ದು. ಅಲ್ಲಿ ಸಿಲಿಕಾ ಲೈನಿಂಗೇ ಚಲೋ ಬಾಳ್ತೈತಿ. ಮೆಗ್ನೀಷಿಯಾ ಜಾತಿ ಲೈನಿಂಗ್ ಹಾಕಿದ್ರ ಆ ಕಿಟ್ಟ ಅದನ್ನ ಕೊರೀತೈತಿ. ಹಂಗಾಗಿ "ನಾಳಿಂದ ಎಲ್ಲಾ ಭಟ್ಟಿಗೂ ಹಸಿರು ಕಲ್ಲು" ಅಂತ ಯಾರಾದರೂ ಕೂಗಿದ್ರ ಅವರಿಗೆ ಕಸುಬು ಗೊತ್ತಿಲ್ಲ. ಉಕ್ಕಿನ ಫೌಂಡ್ರಿ, ಮ್ಯಾಂಗನೀಸ್ ಉಕ್ಕಿನ ಫೌಂಡ್ರಿ ಲೆಕ್ಕ ಬ್ಯಾರೆ, ಅಲ್ಲಿ ಮೆಗ್ನೀಷಿಯಾದ್ದೇ ಸರಿ ಜೋಡಿ.

ಫ್ಯೂರಾನ್ ರಾಳ ಬಳಸೋ ಅಚ್ಚಿಗೆ ಆಲಿವೀನ್ ಉಸುಕು ಆಗಂಗಿಲ್ಲ ಅಂದ್ರು. ಅದೂ ಖರೇ. ಆ ರಾಳ ಗಟ್ಟಿ ಆಗೋದಕ್ಕ ಆಮ್ಲ ಬೇಕು, ಕ್ಷಾರ ಗುಣದ ಕಲ್ಲು ಆ ಆಮ್ಲ ಕುಡದು ಬಿಡ್ತೈತಿ. ಆದರ ಬೆಂಟೊನೈಟ್ ಜೇಡಿ ಕಲಸಿದ ಹಸಿ ಉಸುಕಿನ ಅಚ್ಚಿಗೆ, ಸೋಡಿಯಂ ಸಿಲಿಕೇಟ್ ಹಾಕಿ ಗ್ಯಾಸ್ ಬಿಡೋ ಅಚ್ಚಿಗೆ ಏನೂ ಅಡ್ಡಿ ಇಲ್ಲ. ನಮ್ಮ ಕಡೆ ಸಣ್ಣ ಫೌಂಡ್ರಿಯಾಗ ನಡಿಯೋದು ಬಹಳಷ್ಟು ಅವೇ ಅಲ್ಲೇನ್ರಿ?

ರೇಟು. ಹೌದು, ಹೆಚ್ಚು. ಸಿಲಿಕಾ ಉಸುಕು ಅಗ್ಗ. ಯಾಕ ಅಗ್ಗ ಅಂತ ಮಾತ್ರ ಕೇಳ್ತೀನಿ. ನಮ್ಮ ಹುಡುಗನ ಎಕ್ಸ್‌ರೇ ರೊಕ್ಕ ಆ ರೇಟಿನಾಗ ಐತೇನು? ಆರು ತಿಂಗಳ ಗುಳಿಗಿ? ಅವ್ವ ಅವನ ಸಲುವಾಗಿ ಮಾರಿದ ಎರಡು ಎಮ್ಮಿ? ಆ ಖರ್ಚೆಲ್ಲಾ ರೋಣ ತಾಲೂಕಿನ ಮನಿಯಾಗ ಕುಂತೈತಿ, ಅಗ್ಗದ ಬಿಲ್ಲು ಫೌಂಡ್ರಿ ಆಫೀಸಿನಾಗ ಕುಂತೈತಿ. ಕಡ್ಲಿ ಬೆಳೆಯೋರಿಗೆ ಈ ಲೆಕ್ಕ ಕಲಸಬ್ಯಾಡ್ರಿ, ದಲಾಲಿ ಯಾರ ಪಾಲಿಗೆ ಬೀಳ್ತೈತಿ ಅಂತ ನಮಗ ಚಲೋ ಗೊತ್ತು.

ಒಬ್ಬ ಮಾಲಕರು ಹೇಳಿದ ಕೊನೆ ಮಾತು: "ನಮ್ಮಪ್ಪನ ಕಾಲದಿಂದ ಹಿಂಗೇ ಐತಿ, ಯಾರಿಗೂ ಏನೂ ಆಗಿಲ್ಲ." ಯಾರಿಗೂ ಆಗಿಲ್ಲ ಅಂತ ಗೊತ್ತಾಗಬೇಕಾದ್ರ ಯಾರನ್ನಾದರೂ ತಪಾಸಣಿ ಮಾಡಿರಬೇಕಲ್ಲ. ಕೆಮ್ಮು ಬಂದ ಹುಡುಗ ಊರಿಗೆ ವಾಪಸ್ ಬರ್ತಾನ, ಅವನ ಜಾಗಕ್ಕ ಕುಷ್ಟಗಿಯಿಂದನೋ ನರೇಗಲ್ಲಿನಿಂದನೋ ಇನ್ನೊಬ್ಬ ಹೋಗ್ತಾನ. ಫೌಂಡ್ರಿ ರಿಜಿಸ್ಟರಿನಾಗ ಅವನು "ಕೆಲಸ ಬಿಟ್ಟ" ಅಷ್ಟೇ.

7/8

ಸರಕಾರದ ಕಡೆ ಬರ್ರಿ. "ಗಣಿ ವಿಷಯ ದಿಲ್ಲಿದು" ಅಂತ ಕೈ ತೊಳಕೊಳ್ಳೋರು ಒಂದು ತಾರೀಖು ನೋಡ್ರಿ: 2015ರ ಫೆಬ್ರುವರಿ 10. ಆವತ್ತು ಕೇಂದ್ರ ಗಣಿ ಸಚಿವಾಲಯ 31 ಖನಿಜಗಳನ್ನ ಉಪಖನಿಜ ಅಂತ ಘೋಷಿಸ್ತು. ಡ್ಯುನೈಟ್ ಆ ಪಟ್ಟಿಯಾಗ ಐತಿ. ಉಪಖನಿಜಕ್ಕ ನಿಯಮ ಮಾಡೋದು, ಲೀಸ್ ಕೊಡೋದು ರಾಜ್ಯದ ಕೆಲಸ. ಕೀಲಿಕೈ ಬೆಂಗಳೂರಿನಾಗ ಐತಿ.

ಆ ಕೀಲಿಕೈ ಹಿಡದು ಏನ್ ಮಾಡ್ಯಾರ? ಡ್ಯುನೈಟನ್ನ ಜಲ್ಲಿ ಹಂಗ ಒಡದು ಉಕ್ಕಿನ ಕಾರ್ಖಾನಿಗಳ ಊದುಕುಲುಮಿಗೆ ಕಿಟ್ಟ ತೆಳು ಮಾಡೋ ಪದಾರ್ಥ ಅಂತ ಲಾರಿ ಹತ್ತಸ್ತಾರ. ಅದು ತಪ್ಪಲ್ಲ, ಆ ಕೆಲಸಕ್ಕೂ ಇದು ಬೇಕು. ಆದರ ಅದೇ ಉಕ್ಕಿನ ಉದ್ಯಮಕ್ಕ ಬೇಕಾದ ಮೆಗ್ನೀಷಿಯಾ ದೊಡ್ಡ ಪಾಲು ಚೀನಾದಿಂದ ಹಡಗಿನಾಗ ಬರ್ತೈತಿ. ಕಲ್ಲು ಟನ್ನಿನ ಲೆಕ್ಕದಾಗ ಕೊಟ್ಟು, ಸುಟ್ಟ ಕಲ್ಲನ್ನ ಡಾಲರ್ ಲೆಕ್ಕದಾಗ ತರೋದು. ಹತ್ತಿ ಬೆಳದು ಬನಿಯನ್ ಕೊಳ್ಳೋ ನಮ್ಮ ಕಥಿನೇ ಇದು.

ನಮ್ಮ ಮೆಗ್ನೀಷಿಯಾ ಚೀನಾದ್ದಷ್ಟು ಶುದ್ಧ ಇಲ್ಲ, ಸಿಲಿಕಾ ಹೆಚ್ಚು ಅಂತ ಹೇಳ್ತಾರ. ಇರಬಹುದು. ಉಕ್ಕಿನ ದೊಡ್ಡ ಭಟ್ಟಿಗೆ ಅದು ಅಡ್ಡಿ. ಫಾರ್‌ಸ್ಟರೈಟ್ ಇಟ್ಟಿಗಿಗೆ ಆ ಸಿಲಿಕಾ ಬೇಕೇ ಬೇಕು! ಒಬ್ಬರ ಕಸ ಇನ್ನೊಬ್ಬರ ರಸ ಅನ್ನೋ ಮಾತು ಇಲ್ಲಿ ಅಕ್ಷರಶಃ ಖರೇ.

ನಾನು ಕಣ್ಣು ಮುಚ್ಚಿ ಹೊಗಳೋನಲ್ಲ. ಸರ್ಪೆಂಟೀನಿನ ಒಂದು ತಂಗಿ ಐತಿ, ಕ್ರೈಸೊಟೈಲ್, ಅದೇ ಕಲ್ನಾರು. ಎಳಿ ಎಳಿಯಾಗಿ ಪುಪ್ಪುಸಕ್ಕ ಚುಚ್ಚೋ ಆ ಪೀಡೆ. ಡ್ಯುನೈಟ್ ಗಣಿಯ ಪ್ರತಿ ಸಾಲಿನ ಕಲ್ಲು ಪರೀಕ್ಷೆ ಆಗದ ಹೊರತು ಫೌಂಡ್ರಿಗೆ ಕಳಿಸಿದ್ರ ಒಂದು ರೋಗ ಬಿಡಿಸಿ ಇನ್ನೊಂದು ಹಚ್ಚಿದಂಗ ಆಗ್ತೈತಿ. ಗಣಿ ಪಕ್ಕದ ಹಳ್ಳಿಯವರೂ ನಮ್ಮಂಗ ಮನುಷ್ಯರೇ. ಅವರ ಬಾವಿ, ಅವರ ಹೊಲ ಹಾಳು ಮಾಡಿ ನಮ್ಮ ಹುಡುಗರ ಉಸಿರು ಉಳಿಸೋದು ನ್ಯಾಯ ಅಲ್ಲ. ಹಂಗಾಗಿ ನನ್ನ ಒತ್ತಾಯ ಹೊಸ ಗಣಿಗಲ್ಲ. ಈಗಾಗಲೇ ಲಾರಿ ಹತ್ತೋ ಕಲ್ಲಿನಾಗ ಒಂದು ಪಾಲು ಎತ್ತಿಟ್ಟು ನೋಡ್ರಿ ಅಂತಷ್ಟೇ.

8/8

ಬೇಡಿಕಿ ಬಿಡಿಸಿ ಹೇಳ್ತೀನಿ, "ಬರೇ ಬೈತಾನ" ಅನ್ನಬಾರದು ನೋಡ್ರಿ.

ಕೋಲ್ಕತ್ತದಾಗ 1950ರಿಂದ ಕೇಂದ್ರ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಐತಿ. ರಾಜ್ಯದ ಗಣಿ ಇಲಾಖೆ ಮೈಸೂರು, ಹಾಸನದ ಕಲ್ಲನ್ನ ಅಲ್ಲಿಗೆ ಕಳಿಸಿ, ಕಲ್ನಾರು ಎಷ್ಟು, ನೀರೆಷ್ಟು, ಕಬ್ಬಿಣ ಎಷ್ಟು, ಅಚ್ಚಿನ ಉಸುಕಿಗೆ ಆಗ್ತೈತೋ ಇಲ್ಲೋ ಅಂತ ಪರೀಕ್ಷೆ ಮಾಡಿಸಿ, ಫಲಿತಾಂಶ ಕನ್ನಡದಾಗ ಹೊರಗ ಹಾಕಲಿ. ಆಗಂಗಿಲ್ಲ ಅಂತ ಬಂದ್ರ ಈ ಪೋಸ್ಟ್ ತಿದ್ದತೀನಿ.

ಕಾರ್ಖಾನೆ ಇಲಾಖೆ ಫೌಂಡ್ರಿ ಕೆಲಸಗಾರರ ಎದಿ ಎಕ್ಸ್‌ರೇ ವರ್ಷಕ್ಕೊಮ್ಮೆ ಆಗ್ತದೋ ಇಲ್ಲೋ ನೋಡಲಿ. ಕೆಲಸ ಬಿಟ್ಟು ಊರಿಗೆ ಬಂದವರದು ಯಾರು ನೋಡ್ತಾರ? ರೋಣ, ನರಗುಂದ, ಗಜೇಂದ್ರಗಡದ ಸರಕಾರಿ ದವಾಖಾನಿಯ ಟಿಬಿ ಕಾರ್ಡಿನಾಗ "ಹಿಂದೆ ಮಾಡಿದ ಕೆಲಸ" ಅಂತ ಒಂದು ಸಾಲು ಬರಿಯಾಕ ಒಂದು ರೂಪಾಯಿ ಖರ್ಚಿಲ್ಲ. ರಾಜಸ್ಥಾನ 2019ರಲ್ಲಿ ಸಿಲಿಕೋಸಿಸ್ ಸಲುವಾಗಿ ಪ್ರತ್ಯೇಕ ನೀತಿ ತಂದೈತಿ, ರೋಗ ಗುರುತಿಸಿ ಪ್ರಮಾಣಪತ್ರ ಕೊಟ್ಟು ಪರಿಹಾರ ಕೊಡೋ ವ್ಯವಸ್ಥೆ ಅದರಾಗ ಐತಿ. ಅಲ್ಲಿ ಆಗಿದ್ದು ಇಲ್ಲಿ ಯಾಕ ಆಗಬಾರದು?

ಬೀಡುಕಬ್ಬಿಣದ ಭಟ್ಟಿಯಾಗ ಕ್ವಾರ್ಟ್ಜ್ ಇರೋ ತನಕ ಪುಡಿ ಸುರಿಯೋ ಜಾಗಕ್ಕ ಧೂಳಾ ಎಳೆಯೋ ಫ್ಯಾನ್ ಇರಲಿ, ಹಳೇ ಲೈನಿಂಗ್ ನೀರು ಹೊಡದು ಒಡೀರಿ, ಟವೆಲ್ ಬಿಟ್ಟು ಸರಿಯಾದ ಮಾಸ್ಕ್ ಕೊಡ್ರಿ. ಇದಕ್ಕ ಯಾವ ಸಂಶೋಧನೆಯೂ ಬೇಕಿಲ್ಲ.

1980ರ ಜುಲೈನಾಗ ನರಗುಂದದ ರೈತರು ನೀರಿನ ಕರದ ಲೆಕ್ಕ ಕೇಳಿ ಬೀದಿಗೆ ಇಳಿದಿದ್ರು, ಗುಂಡು ತಿಂದ್ರು. ಆ ಮಂದಿಯ ಮೊಮ್ಮಕ್ಕಳು ಈಗ ಫೌಂಡ್ರಿಯಾಗ ಅದಾರ. ಅವರು ಒಂದು ಚೀಲದ ಲೆಕ್ಕ ಕೇಳಿದ್ರ ಸಾಕು.

ಅದೇ ಕೆಲಸ ನಿಮಗೂ ಹಚ್ಚತೀನಿ. ಫೌಂಡ್ರಿಯಾಗ ಇದ್ದವರು ರ‍್ಯಾಮಿಂಗ್ ಮಾಸ್ ಚೀಲದ ಮ್ಯಾಲೆ ಏನ್ ಬರದೈತಿ ಅಂತ ಫೋಟೋ ತಗದು ಡಿಎಂ ಮಾಡ್ರಿ. ಸಿಲಿಕಾ ಎಷ್ಟು ಪರ್ಸೆಂಟ್, ಎಚ್ಚರಿಕೆ ಬರದಾರೋ ಇಲ್ಲೋ, ಯಾವ ಭಾಷೆಯಾಗ ಬರದಾರ. ನಿಮ್ಮ ಹೆಸರು, ಫೌಂಡ್ರಿ ಹೆಸರು ಎರಡೂ ಮುಚ್ಚೇ ಹಾಕ್ತೀನಿ. ನಮ್ಮ ಹುಡುಗ ಕಳಿಸಿದ ಚೀಲ ಎಂಟನೇ ಫೋಟೋದಾಗ ಐತಿ, ಝೂಮ್ ಮಾಡಿ ನೋಡ್ರಿ: ತೂಕ ಐತಿ, ಗ್ರೇಡ್ ಐತಿ, "ತೇವ ತಾಗದಂತೆ ಇಡಿ" ಅಂತ ಹಿಂದಿಯಾಗ ಐತಿ. ಪುಡಿ ಒದ್ದಿ ಆಗಬಾರದು ಅನ್ನೋ ಕಾಳಜಿ ಅಷ್ಟು. ಉಸಿರಿನ ಬಗ್ಗೆ ಒಂದು ಅಕ್ಷರ ಇಲ್ಲ.

ಅವನ ಹೊಸ ಎಕ್ಸ್‌ರೇ ಬರೋ ಸೋಮವಾರ. ಈ ಸಲ ಕಸುಬು ಏನಂತ ಚೀಟಿಯ ಮ್ಯಾಲೆ ನಾನೇ ಬರದು ಕೊಟ್ಟೀನಿ.

#ರೋಣ #ನರಗುಂದ #ಗಜೇಂದ್ರಗಡ #ಫೌಂಡ್ರಿ #ಸಿಲಿಕೋಸಿಸ್ #ಹಸಿರುಕಲ್ಲು